ಕಾಣದ ಕೆಲಸವನ್ನು ಆರಿಸುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಯಾವುದೇ ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನ ಅಂಗಳಕ್ಕೆ ಹೋಗಿ ನಿಂತರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಮ್ಯಾಥ್ಸಲ್ಲಿ ಎಷ್ಟು?’ ಎಂಬತ್ತರ ಮೇಲಾದರೆ ಸೈನ್ಸು, ಅರವತ್ತರ ಆಸುಪಾಸಾದರೆ ಕಾಮರ್ಸು, ಅದಕ್ಕೂ ಕೆಳಗಾದರೆ ಆರ್ಟ್ಸು. ಇಂಥ ನಿಯಮವನ್ನು ಯಾವ ಇಲಾಖೆಯೂ ಹೊರಡಿಸಿಲ್ಲ. ಆದರೂ ಬೀದರಿನಿಂದ ಚಾಮರಾಜನಗರದವರೆಗೆ ಅಪ್ಪ ಅಮ್ಮಂದಿರು, ಸೋದರಮಾವಂದಿರು, ಟ್ಯೂಷನ್ ಮೇಷ್ಟ್ರುಗಳು ಎಲ್ಲರೂ ಇದನ್ನೇ ಪಾಲಿಸುತ್ತಾರೆ. ಅರ್ಜಿ ತುಂಬುವ ಅರ್ಧ ಗಂಟೆಯಲ್ಲಿ ಹದಿನಾರರ ಮಗುವಿನ ಮುಂದಿನ ದಾರಿ ತೀರ್ಮಾನವಾಗಿಬಿಡುತ್ತದೆ. ‘ನಿನಗೆ ಏನು ಮಾಡಬೇಕು ಅನ್ನಿಸುತ್ತದೆ?’ ಎಂದು ಕೇಳುವವರೂ ಇದ್ದಾರೆ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಲು ಬೇಕಾದಷ್ಟನ್ನು ಆ ಮಗು ಅದುವರೆಗೆ ನೋಡಿರುವುದಿಲ್ಲ.

ತಾಂತ್ರಿಕ ವಿಷಯಗಳನ್ನು ವಿದ್ಯಾರ್ಥಿಗಳು ಏಕೆ ಆರಿಸುತ್ತಾರೆ, ಏಕೆ ದೂರವಿಡುತ್ತಾರೆ ಎಂಬ ಚರ್ಚೆ ಪ್ರತಿ ಸಿಇಟಿ ಹಂಗಾಮಿನಲ್ಲಿ ನಡೆಯುತ್ತದೆ. ಒಂದು ಕಡೆಯವರು ‘ಈಗಿನ ಹುಡುಗರಿಗೆ ಕಷ್ಟಪಡುವ ಮನಸ್ಸಿಲ್ಲ’ ಎನ್ನುತ್ತಾರೆ. ಇನ್ನೊಂದು ಕಡೆಯವರು ‘ಎಲ್ಲರೂ ಕಂಪ್ಯೂಟರ್ ಸೈನ್ಸ್ ಹಿಂದೆ ಬಿದ್ದಿದ್ದಾರೆ’ ಎಂದು ಬೇಸರಪಡುತ್ತಾರೆ. ಎರಡೂ ಮಾತುಗಳು ತಪ್ಪನ್ನು ಮಕ್ಕಳ ತಲೆಗೆ ಕಟ್ಟುತ್ತವೆ. ನನ್ನ ಅಭಿಪ್ರಾಯ ಬೇರೆ. ಕಷ್ಟವೆಂದು ಬಿಟ್ಟವರಿಗಿಂತ ಕಂಡೇ ಇಲ್ಲವೆಂದು ಬಿಟ್ಟವರು ನಮ್ಮಲ್ಲಿ ಹೆಚ್ಚು. ಹಾಗೆಯೇ, ಇಷ್ಟಪಟ್ಟು ಹಿಡಿದವರಿಗಿಂತ ಕಣ್ಣಿಗೆ ಕಂಡದ್ದು ಅದೊಂದೇ ಎಂದು ಹಿಡಿದವರು ಹೆಚ್ಚು.

ಗಣಿತದಿಂದಲೇ ಶುರುಮಾಡೋಣ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಕಾಣುವ ಗಣಿತದ ಭಯಕ್ಕೆ ಮೂಲ ಹತ್ತನೇ ತರಗತಿಯಲ್ಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕವನ್ನು ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯೂ ಸರಿಯಾಗಿ ಮಾಡಲಾರರು ಎಂದು 2024ರ ಅಸರ್ ಸಮೀಕ್ಷೆ ಹೇಳಿತು. ಅದಕ್ಕೆ ಎರಡು ವರ್ಷ ಮೊದಲು ನಡೆದ ಸಮೀಕ್ಷೆ ಹೇಳಿದ್ದೂ ಇದನ್ನೇ. ಭಾಗಾಕಾರ ಕೈಗೆ ಹತ್ತದ ಮಗುವಿಗೆ ಭಿನ್ನರಾಶಿ ಹತ್ತುವುದಿಲ್ಲ, ಭಿನ್ನರಾಶಿ ಹತ್ತದಿದ್ದರೆ ಬೀಜಗಣಿತ ಹತ್ತುವುದಿಲ್ಲ. ಹೀಗೆ ಐದನೇ ತರಗತಿಯಲ್ಲಿ ಬಿಟ್ಟುಹೋದ ಒಂದು ಪಾಠ ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ‘ನನಗೆ ಲೆಕ್ಕ ಆಗಿಬರಲ್ಲ’ ಎಂಬ ಮಾತಾಗಿರುತ್ತದೆ. ಆ ಮಾತನ್ನು ಮಗು ತನ್ನ ಹುಟ್ಟುಗುಣವೆಂದು ನಂಬಿಕೊಂಡಿರುತ್ತದೆ. ಮನೆಯವರೂ ನಂಬುತ್ತಾರೆ. ಗಣಿತದಷ್ಟು ಒಂದರ ಮೇಲೊಂದು ನಿಲ್ಲುವ ವಿಷಯ ಶಾಲೆಯಲ್ಲಿ ಇನ್ನೊಂದಿಲ್ಲ. ಇತಿಹಾಸದಲ್ಲಿ ವಿಜಯನಗರದ ಪಾಠ ತಪ್ಪಿಸಿಕೊಂಡವನು ಮೈಸೂರು ಸಂಸ್ಥಾನದ ಪಾಠಕ್ಕೆ ಬಂದು ಕೂರಬಹುದು. ಗಣಿತ ಆ ಅವಕಾಶ ಕೊಡುವುದಿಲ್ಲ.

ಇದನ್ನು ದಾಟಿ, ಒಳ್ಳೆಯ ಅಂಕ ತೆಗೆದು, ಸೈನ್ಸ್ ಸೇರಿದ ಕನ್ನಡ ಮಾಧ್ಯಮದ ಮಗುವಿಗೆ ಇನ್ನೊಂದು ಹೊಸ್ತಿಲು ಕಾದಿರುತ್ತದೆ. ಹತ್ತು ವರ್ಷ ವಿಜ್ಞಾನ, ಗಣಿತಗಳನ್ನು ಕನ್ನಡದಲ್ಲಿ ಓದಿದ ಹುಡುಗಿ ಜೂನ್ ತಿಂಗಳಲ್ಲಿ ತರಗತಿಗೆ ಬಂದು ಕೂರುತ್ತಾಳೆ. ಬಹುಪಾಲು ಕಾಲೇಜುಗಳಲ್ಲಿ ಪಾಠವೂ ಇಂಗ್ಲಿಷ್, ಪುಸ್ತಕವೂ ಇಂಗ್ಲಿಷ್. ನ್ಯೂಟನ್ನನ ನಿಯಮ ಅವಳಿಗೆ ಗೊತ್ತಿದೆ. ಬಲ, ವೇಗೋತ್ಕರ್ಷಗಳ ಸಂಬಂಧವನ್ನು ಕನ್ನಡದಲ್ಲಿ ಕೇಳಿದರೆ ಎರಡು ಉದಾಹರಣೆ ಕೊಟ್ಟು ವಿವರಿಸಬಲ್ಲಳು. ಆದರೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕಾದಾಗ ಪೆನ್ನು ನಿಲ್ಲುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬಿದ್ದುಹೋಗುತ್ತದೆ. ಉಪನ್ಯಾಸಕರಿಗೆ ಸಿಲೆಬಸ್ ಮುಗಿಸುವ ಒತ್ತಡ, ಹಿಂದಿನ ಬೆಂಚಿನಲ್ಲಿ ಏನಾಗುತ್ತಿದೆ ಎಂದು ನೋಡಲು ಪುರುಸೊತ್ತಿಲ್ಲ. ದಸರಾ ರಜೆಯ ಹೊತ್ತಿಗೆ ಆ ಹುಡುಗಿ ‘ನನಗೆ ಫಿಸಿಕ್ಸ್ ಬೇಡ’ ಎನ್ನುತ್ತಾಳೆ. ಅವಳು ಬೇಡವೆಂದದ್ದು ಭೌತವಿಜ್ಞಾನವನ್ನೋ, ಅರ್ಥವಾಗದೆ ಕೂತ ಅವಮಾನವನ್ನೋ ಎಂದು ಯಾರೂ ವಿಚಾರಿಸುವುದಿಲ್ಲ.

ಸರ್ಕಾರಕ್ಕೆ ಈ ಸಂಕಟ ತಿಳಿಯದ್ದೇನಲ್ಲ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಎಷ್ಟೋ ಮನೆಗಳ ಮೊದಲ ಇಂಜಿನಿಯರ್ ಬಂದದ್ದು ಈ ಬಾಗಿಲಿನಿಂದಲೇ. ಅದರ ಬಗ್ಗೆ ಯಾರೂ ಹಗುರವಾಗಿ ಮಾತಾಡಕೂಡದು. ಆದರೆ ಮೀಸಲಾತಿ ಸೀಟು ಕೊಡುತ್ತದೆ, ತರಗತಿಯೊಳಗಿನ ಭಾಷೆಯನ್ನು ಕೊಡುವುದಿಲ್ಲ. 2021ರಲ್ಲಿ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿ ಕೊಟ್ಟಿತು. ಕರ್ನಾಟಕದಲ್ಲಿ ಅದಕ್ಕೆ ಬಂದ ಪ್ರತಿಕ್ರಿಯೆ ತೀರ ಮಂದ. ಅದನ್ನು ಕನ್ನಡಾಭಿಮಾನದ ಕೊರತೆ ಎನ್ನುವುದು ಅನ್ಯಾಯ. ಪಿಯುಸಿಯ ಎರಡು ವರ್ಷ ಒದ್ದಾಡಿ ಇಂಗ್ಲಿಷಿಗೆ ಹೊಂದಿಕೊಂಡ ಹುಡುಗನಿಗೆ, ಹೊಂದಿಕೊಂಡ ಮೇಲೆ, ಕೆಲಸ ಸಿಗುವ ಭರವಸೆಯಿಲ್ಲದೆ, ಕನ್ನಡಕ್ಕೆ ಮರಳು ಎಂದರೆ ಅವನು ಒಪ್ಪುವುದಾದರೂ ಹೇಗೆ? ಕೈಹಿಡಿಯಬೇಕಾದ ಜಾಗ ಪಿಯುಸಿಯ ಮೊದಲ ಮೂರು ತಿಂಗಳು. ಅಲ್ಲಿ ಕೈಬಿಟ್ಟು ಪದವಿಯಲ್ಲಿ ಹಿಡಿಯಲು ಹೋದೆವು.

ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಶಕ್ತಿ ನಮಗಿಲ್ಲ ಎನ್ನುವಂತೆಯೂ ಇಲ್ಲ. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರವನ್ನು ‘ಹಸುರು ಹೊನ್ನು’ ಆಗಿಸಿ ಕಾದಂಬರಿ ಓದುವವರ ಕೈಗೂ ಕೊಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಓದಿಕೊಂಡು ಬೆಳೆದ ತಲೆಮಾರೇ ಇದೆ. ಕೊರತೆ ಬೇರೆ ಕಡೆ ಇದೆ. ಬೆರಗು ಹುಟ್ಟಿಸುವ ವಿಜ್ಞಾನ ಬರಹ ನಮ್ಮಲ್ಲಿ ಸಮೃದ್ಧವಾಗಿದೆ. ಲೆಕ್ಕ ಬಿಡಿಸಲು, ಯಂತ್ರ ಬಿಚ್ಚಿ ಜೋಡಿಸಲು, ತಪ್ಪೆಲ್ಲಾಯಿತು ಎಂದು ಹುಡುಕಲು ಜೊತೆಗೆ ಕೂರುವ ಪುಸ್ತಕಗಳು ವಿರಳ. ಪಿಯುಸಿಗೆ ಬಂದ ಮಗುವಿಗೆ ಬೆರಗಿಗಿಂತ ಹೆಚ್ಚಾಗಿ ಬೇಕಿರುವುದು ಈ ಎರಡನೆಯ ಬಗೆಯದು.

ಹಣದ ಮಾತನ್ನು ಬಿಟ್ಟು ಈ ವಿಷಯ ಪೂರ್ತಿಯಾಗುವುದಿಲ್ಲ. ಇಂದು ಸೈನ್ಸ್ ಎಂದರೆ ಪಿಸಿಎಂಬಿ ಅಥವಾ ಪಿಸಿಎಂಸಿ ಮಾತ್ರವಲ್ಲ, ಅದರ ಬೆನ್ನಿಗೆ ನೀಟ್, ಜೆಇಇ, ಸಿಇಟಿ ತರಬೇತಿಯೂ ಇರಬೇಕು ಎಂಬ ನಂಬಿಕೆ ಬಲಿತಿದೆ. ಉತ್ತರ ಕರ್ನಾಟಕದ ಎಷ್ಟೋ ರೈತರು ಸಾಲ ಮಾಡಿ ಮಕ್ಕಳನ್ನು ಕರಾವಳಿಯ ವಸತಿ ಕಾಲೇಜುಗಳಿಗೆ ಕಳಿಸುತ್ತಾರೆ. ಆ ಖರ್ಚು ತಮ್ಮಿಂದಾಗದು ಎಂದು ಮೊದಲೇ ಲೆಕ್ಕ ಹಾಕಿದವರು ಒಳ್ಳೆಯ ಅಂಕ ಬಂದ ಮಗುವನ್ನೂ ಕಾಮರ್ಸಿಗೆ ಸೇರಿಸುತ್ತಾರೆ. ಬಿ.ಕಾಂ. ಎಲ್ಲ ಊರಲ್ಲೂ ಇದೆ, ಟ್ಯೂಷನ್ ಇಲ್ಲದೆಯೂ ಪಾಸಾಗಬಹುದು, ಬ್ಯಾಂಕ್ ಪರೀಕ್ಷೆಗೂ ಕೂರಬಹುದು. ಆ ಮನೆಯವರ ಲೆಕ್ಕದಲ್ಲಿ ತಪ್ಪಿಲ್ಲ. ಇಂಥ ಮನೆಯ ಮಗುವಿನ ಬಗ್ಗೆ ‘ತಾಂತ್ರಿಕ ವಿಷಯದಲ್ಲಿ ಆಸಕ್ತಿಯಿಲ್ಲ’ ಎಂದು ಬರೆಯುವ ವರದಿಗಳನ್ನು ಓದಿದಾಗ ನನಗೆ ನೋವಾಗುತ್ತದೆ.

ಇಷ್ಟೆಲ್ಲ ದಾಟಿ ಬಂದವರ ಮುಂದೆ ಕೊನೆಗೆ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿ ತೆರೆದುಕೊಳ್ಳುತ್ತದೆ. ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಅಂಕ ಸೇರಿಸಿ ಬಂದ ರ‍್ಯಾಂಕ್ ಹಿಡಿದುಕೊಂಡು ಮನೆಮಂದಿಯೆಲ್ಲ ಸೈಬರ್ ಸೆಂಟರಿನಲ್ಲಿ ಕೂರುತ್ತಾರೆ. ಮೊದಲ ಇಪ್ಪತ್ತು ಮೂವತ್ತು ಆಯ್ಕೆಗಳು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್. ಅದು ಸಿಗದಿದ್ದರೆ ಎಲೆಕ್ಟ್ರಾನಿಕ್ಸ್. ಸಿವಿಲ್, ಮೆಕ್ಯಾನಿಕಲ್ ಸೀಟುಗಳು ವರ್ಷವರ್ಷವೂ ಖಾಲಿ ಉಳಿಯುತ್ತವೆ. ಕಾಲೇಜುಗಳು ಅಲ್ಲಿ ಕಡಿಮೆ ಮಾಡಿ ಇಲ್ಲಿ ಹೆಚ್ಚಿಸಲು ಅರ್ಜಿ ಹಾಕುತ್ತವೆ.

ಈ ನೂಕುನುಗ್ಗಲಿಗೆ ಕಾರಣ ಇದೆ, ಆ ಕಾರಣಕ್ಕೆ ಗೌರವವೂ ಸಲ್ಲಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲಿನ ನಲವತ್ತು ವರ್ಷಗಳಲ್ಲಿ, ಶಿಫಾರಸು ಇಲ್ಲದ, ಜಮೀನಿಲ್ಲದ, ವ್ಯಾಪಾರದ ಹಿನ್ನೆಲೆಯಿಲ್ಲದ ಮನೆಯ ಹುಡುಗ ಹುಡುಗಿಯರನ್ನು ಪರೀಕ್ಷೆ, ಸಂದರ್ಶನಗಳ ಮೇಲಷ್ಟೇ ಒಳಗೆ ಕರೆದುಕೊಂಡ ಕ್ಷೇತ್ರ ಸಾಫ್ಟ್‌ವೇರ್ ಒಂದೇ ಎನ್ನಬಹುದು. ಪಕ್ಕದ ಬೀದಿಯ ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿ ಮನೆಯ ಸಾಲ ತೀರಿಸಿದ್ದನ್ನು ಊರೇ ನೋಡಿದೆ. ಆ ಕೆಲಸ ಹೇಗಿರುತ್ತದೆ, ಸಂಬಳ ಎಷ್ಟು, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಲ್ಲ ಗೊತ್ತು. ಸೇತುವೆಯ ವಿನ್ಯಾಸ ಮಾಡುವವರು ಯಾರು, ಎಲ್ಲಿ ಕೂತು ಮಾಡುತ್ತಾರೆ ಎಂಬುದನ್ನು ಆ ಬೀದಿಯಲ್ಲಿ ಯಾರೂ ಕಂಡಿಲ್ಲ. ಸಿವಿಲ್ ಇಂಜಿನಿಯರ್ ಎಂದರೆ ಅವರಿಗೆ ಗೊತ್ತಿರುವುದು ಬಿಸಿಲಲ್ಲಿ ನಿಂತು, ತಡವಾಗಿ ಬರುವ ಸಣ್ಣ ಸಂಬಳಕ್ಕೆ ದುಡಿಯುವ ಸೈಟ್ ಹುಡುಗ. ಅದೂ ಸುಳ್ಳಲ್ಲ. ನಿರ್ಮಾಣ ಕ್ಷೇತ್ರ ತನ್ನ ಎಳೆಯ ಇಂಜಿನಿಯರುಗಳನ್ನು ನಡೆಸಿಕೊಳ್ಳುವ ರೀತಿ ಬದಲಾಗದೆ ಆ ಸೀಟುಗಳು ತುಂಬುತ್ತವೆಂದು ನಿರೀಕ್ಷಿಸುವುದು ತಪ್ಪು.

ಆದರೆ ಕಾಣದ ಕೆಲಸ ಎಷ್ಟು ದೊಡ್ಡದು ಎಂಬುದು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟು, ನಾಲ್ಕು ಜಿಲ್ಲೆಗಳ ಭತ್ತದ ಗದ್ದೆ, ನದಿಗೆ ಸುಮ್ಮನೆ ಹರಿದುಹೋಗುತ್ತಿದ್ದ ನೀರು. ಆಗ ಸ್ಥಳಕ್ಕೆ ಬಂದು ನಿಂತವರು ಎಂಬತ್ತರ ಆಸುಪಾಸಿನ ಗೇಟು ತಜ್ಞ ಕನ್ನಯ್ಯ ನಾಯ್ಡು. ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್ ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸುವ ಯೋಜನೆ ಹಾಕಿ, ಕಾರ್ಮಿಕರ ಜೊತೆ ಅಲ್ಲೇ ಇದ್ದು, ಒಂದು ವಾರದೊಳಗೆ ನೀರನ್ನು ತಡೆದರು. ಟಿ.ವಿ.ಯಲ್ಲಿ ಅದನ್ನು ನೋಡಿದ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರಿಗೆ ಕಣ್ಣು ತುಂಬಿ ಬಂದಿದ್ದರೆ ಆಶ್ಚರ್ಯವಿಲ್ಲ. ಯಂತ್ರಶಾಸ್ತ್ರ, ದ್ರವಶಾಸ್ತ್ರ, ಉಕ್ಕಿನ ಗುಣ, ಐದು ದಶಕದ ಅನುಭವ ಎಲ್ಲ ಒಂದಾಗಿ ನಿಂತ ಆ ದೃಶ್ಯಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆ ವಾರ ರಾಜ್ಯದ ಎಷ್ಟು ಪ್ರೌಢಶಾಲೆಗಳ ವಿಜ್ಞಾನ ತರಗತಿಯಲ್ಲಿ ಅದರ ಮಾತು ನಡೆಯಿತೋ! ನೀರಿನ ಆಳಕ್ಕೂ ಗೇಟಿನ ಮೇಲೆ ಬೀಳುವ ಒತ್ತಡಕ್ಕೂ ಇರುವ ಸಂಬಂಧ ಶಾಲೆಯ ಪಾಠದಲ್ಲೇ ಇದೆ. ಇಂಥ ತಜ್ಞರಿಂದ ಕಲಿಯಲು ಇಪ್ಪತ್ತರ ಹುಡುಗರು ಬೇಕು. ಆ ಹುಡುಗರಿಗೆ ಇಂಥದ್ದೊಂದು ಉದ್ಯೋಗ ಇದೆಯೆಂದು ಹದಿನಾಲ್ಕರಲ್ಲಿ ಗೊತ್ತಾಗಬೇಕು.

ಹೆಣ್ಣುಮಕ್ಕಳ ವಿಚಾರದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಮೈಸೂರು ಸೀಮೆಯ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಹುಟ್ಟಿದ್ದು 1922ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಇಂಜಿನಿಯರಿಂಗ್ ಸಂಶೋಧನೆಗೆ ಅಲ್ಲಿ ನೆಲೆ ಹಾಕಿಕೊಟ್ಟರು. ರೇಡಾರ್, ಆಂಟೆನಾ ಕೆಲಸದಲ್ಲಿ ಅವರ ಶಿಷ್ಯರು ದೇಶದ ಉದ್ದಗಲಕ್ಕೂ ಹರಡಿಕೊಂಡರು. ಅಷ್ಟು ಹಿಂದೆ ಇದು ಸಾಧ್ಯವಾದದ್ದು ಹೇಗೆ? ಅವರ ಪ್ರತಿಭೆಗೆ ಸಮನಾದವರು ಬೇರೆ ಮನೆಗಳಲ್ಲಿ ಇರಲಿಲ್ಲವೆಂದಲ್ಲ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ಓದಿದ ಹೆಂಗಸು ಹೇಗಿರುತ್ತಾಳೆ ಎಂದು ರಾಜೇಶ್ವರಿ ಮನೆಯಲ್ಲೇ ನೋಡಿ ಬೆಳೆದರು.

ಮುಂದಿನ ತಲೆಮಾರಿಗೂ ದಾರಿ ಸುಲಭವಿರಲಿಲ್ಲ. ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜಿಗೆ ಸುಧಾ ಮೂರ್ತಿ ಸೇರಿದಾಗ ಹುಡುಗಿಯರಿಗೆ ಅಲ್ಲಿ ಶೌಚಾಲಯ ಇರಲಿಲ್ಲ ಎಂಬುದನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಅದೊಂದೇ ಕಾರಣಕ್ಕೆ ಹಿಂದೆ ಸರಿದವರ ಹೆಸರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಇಂದು ಸ್ಥಿತಿ ಬದಲಾಗಿದೆ, ಬದಲಾದ ರೀತಿ ಮಾತ್ರ ಗಮನಿಸಬೇಕಾದದ್ದು. ಕಂಪ್ಯೂಟರ್ ಸೈನ್ಸ್ ತರಗತಿಗಳಲ್ಲಿ ನಮ್ಮ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಮೆರಿಕದಲ್ಲಿ ಹಾಗಿಲ್ಲ. 1984ರ ಸುಮಾರಿಗೆ ಅಲ್ಲಿ ಕಂಪ್ಯೂಟರ್ ಪದವಿ ಪಡೆದವರಲ್ಲಿ ಶೇ 37ರಷ್ಟು ಹೆಂಗಸರಿದ್ದರು. ಮುಂದಿನ ಕಾಲು ಶತಮಾನದಲ್ಲಿ ಅದು ಅರ್ಧಕ್ಕೆ ಇಳಿಯಿತು. ಮನೆಗೆ ಬಂದ ಕಂಪ್ಯೂಟರನ್ನು ಗಂಡುಮಕ್ಕಳ ಆಟಿಕೆಯೆಂದು ಮಾರಿದ್ದು, ಕಾಲೇಜಿಗೆ ಬರುವಷ್ಟರಲ್ಲಿ ಹುಡುಗರು ಕೋಡ್ ಬರೆದು ಪಳಗಿರುತ್ತಿದ್ದುದು, ಅಧ್ಯಾಪಕರು ಅಂಥವರನ್ನೇ ಅಳತೆಗೋಲು ಮಾಡಿಕೊಂಡದ್ದು ಇದರ ಮುಖ್ಯ ಕಾರಣಗಳು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ರೋಲಿ ವರ್ಮಾ ಭಾರತದ ವಿದ್ಯಾರ್ಥಿನಿಯರನ್ನು ಮಾತಾಡಿಸಿದಾಗ ಬಂದ ಉತ್ತರ ಬೇರೆಯೇ. ಕಂಪ್ಯೂಟರ್ ಕೆಲಸ ಕಚೇರಿಯೊಳಗಿನದು, ಸುರಕ್ಷಿತ, ಸಂಬಳ ಚೆನ್ನ, ಮನೆಯವರು ಬೇಡವೆನ್ನುವುದಿಲ್ಲ. ಅಂದರೆ ಗಣಿತ, ತರ್ಕಗಳಿಗೆ ನಮ್ಮ ಹುಡುಗಿಯರು ಹೆದರಿದ್ದೇ ಇಲ್ಲ. ಅವರನ್ನು ಸಿವಿಲ್, ಮೆಕ್ಯಾನಿಕಲ್‌ನಿಂದ ದೂರ ಇಟ್ಟದ್ದು ರಾತ್ರಿಯ ಬಸ್ಸು, ಸೈಟಿನ ಶೆಡ್ಡು, ಫ್ಯಾಕ್ಟರಿಯ ಮೂರನೇ ಪಾಳಿ. ಇವನ್ನು ಸರಿಪಡಿಸುವುದು ಸರ್ಕಾರ ಮತ್ತು ಉದ್ಯಮದ ಕೈಯಲ್ಲಿದೆ, ಹುಡುಗಿಯರ ಕೈಯಲ್ಲಿಲ್ಲ.

ಬಾಗಿಲನ್ನು ಸ್ವಲ್ಪ ಸರಿಸಿದರೆ ಎಷ್ಟು ಬೇಗ ಬದಲಾವಣೆ ಬರುತ್ತದೆ ಎಂಬುದಕ್ಕೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅನುಭವ ನನಗೆ ಸದಾ ನೆನಪಾಗುತ್ತದೆ. ಅಲ್ಲಿನ ಕಂಪ್ಯೂಟರ್ ಸೈನ್ಸ್ ಪದವಿಗೆ 1995ರಲ್ಲಿ ಸೇರಿದವರಲ್ಲಿ ಹುಡುಗಿಯರು ಶೇ 7. 2000ದ ಹೊತ್ತಿಗೆ ಶೇ 42. ಜೇನ್ ಮಾರ್ಗೋಲಿಸ್ ಮತ್ತು ಆ್ಯಲನ್ ಫಿಷರ್ ವಿದ್ಯಾರ್ಥಿಗಳ ಜೊತೆ ವರ್ಷಗಟ್ಟಲೆ ಮಾತಾಡಿ ಕಂಡುಕೊಂಡದ್ದರ ಮೇಲೆ ಅಲ್ಲಿನವರು ಕೆಲವು ಬದಲಾವಣೆ ಮಾಡಿದ್ದರು. ಪ್ರವೇಶದ ವೇಳೆ ಮೊದಲೇ ಪ್ರೋಗ್ರಾಮಿಂಗ್ ಬರುತ್ತದೆಯೇ ಎಂಬುದಕ್ಕೆ ಕೊಡುತ್ತಿದ್ದ ತೂಕ ಇಳಿಸಿದರು. ಏನೂ ಗೊತ್ತಿಲ್ಲದೆ ಬಂದವರಿಗೆ ಮೊದಲ ವರ್ಷ ಬೇರೆ ತರಗತಿ ಇಟ್ಟರು. ಪ್ರೌಢಶಾಲೆಯ ಶಿಕ್ಷಕರಿಗೆ ತರಬೇತಿ ಕೊಟ್ಟರು. ಐದು ವರ್ಷದಲ್ಲಿ ಹುಡುಗಿಯರ ‘ಆಸಕ್ತಿ’ ಆರು ಪಟ್ಟು ಹೆಚ್ಚಿತೆಂದು ಯಾರಾದರೂ ನಂಬಬಲ್ಲರೇ? ನಮ್ಮ ಐಐಟಿಗಳಲ್ಲೂ ಇಂಥದ್ದೇ ಆಯಿತು. ಹತ್ತರಲ್ಲಿ ಒಬ್ಬಳೂ ಹುಡುಗಿ ಇರದಿದ್ದ ಕಡೆ, 2018ರಿಂದ ಹೆಚ್ಚುವರಿ ಸೀಟು ಕೊಡತೊಡಗಿದ ಮೇಲೆ, ಎರಡು ಮೂರು ವರ್ಷದಲ್ಲಿ ಐವರಲ್ಲಿ ಒಬ್ಬಳಾದಳು.

ಪ್ರಪಂಚದ ಬೇರೆ ಕಡೆ ಏನಾಗಿದೆ ಎಂಬುದೂ ನಮಗೆ ಪಾಠವೇ. ನಾರ್ವೆಯ ಸ್ವೆಯಿನ್ ಶೋಬರ್ಗ್ ಮತ್ತು ಕಮಿಲಾ ಶ್ರೈನರ್ ಈ ಶತಮಾನದ ಆರಂಭದಲ್ಲಿ ಹಲವಾರು ದೇಶಗಳ ಹದಿನೈದರ ಮಕ್ಕಳನ್ನು ‘ತಂತ್ರಜ್ಞಾನದ ಕೆಲಸ ಬೇಕೇ, ವಿಜ್ಞಾನಿಯಾಗುವ ಆಸೆಯಿದೆಯೇ’ ಎಂದು ಕೇಳಿದರು. ಉಗಾಂಡ, ಘಾನಾದಂಥ ದೇಶಗಳ ಮಕ್ಕಳು ಹೌದೆಂದರು. ನಾರ್ವೆ, ಜಪಾನಿನ ಮಕ್ಕಳು, ಅದರಲ್ಲೂ ಹುಡುಗಿಯರು, ಒಲ್ಲೆವೆಂದರು. ದೇಶ ಸಿರಿವಂತವಾದಷ್ಟೂ ಒಲವು ಇಳಿಯುತ್ತದೆ. ಸೇತುವೆ, ವಿದ್ಯುತ್ತು, ಕುಡಿಯುವ ನೀರು ಎಲ್ಲ ಒದಗಿಬಂದ ಮೇಲೆ ಹುಟ್ಟಿದ ಮಗುವಿಗೆ ಅವನ್ನು ಕಟ್ಟಿದವರು ಕಾಣುವುದಿಲ್ಲ. ಬೆಂಗಳೂರಿನ ಅನುಕೂಲಸ್ಥ ಮನೆಗಳ ಮಕ್ಕಳು ವಿನ್ಯಾಸ, ಕಾನೂನು, ಮನಃಶಾಸ್ತ್ರದ ಕಡೆ ಹೊರಳುತ್ತಿರುವುದರಲ್ಲಿ ನನಗೆ ಇದರ ನೆರಳು ಕಾಣುತ್ತದೆ. ಅದು ಅವರ ಹಕ್ಕು, ಅದರಲ್ಲಿ ಆಕ್ಷೇಪವಿಲ್ಲ. ಆಗ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದ ಲೂಯಿಸ್ ಆರ್ಚರ್ ಮತ್ತು ಜೊತೆಗಾರರು 2009ರಿಂದ ಹತ್ತು-ಹದಿನಾಲ್ಕರ ಮಕ್ಕಳ ಬೆನ್ನುಹತ್ತಿ ಮಾಡಿದ ಅಧ್ಯಯನ ಇನ್ನೂ ಸೂಕ್ಷ್ಮ. ವಿಜ್ಞಾನದ ಪಾಠ ಇಷ್ಟ ಎಂದವರೇ ಹೆಚ್ಚು. ವಿಜ್ಞಾನಿಯಾಗುತ್ತೇನೆ ಎಂದವರು ಸುಮಾರು ಶೇ 15. ನಡುವಿನ ಕಂದಕವನ್ನು ತುಂಬುವುದು ಮನೆಯ ಪರಿಸರ: ಬಂಧುಬಳಗದಲ್ಲಿ ಅಂಥ ಕೆಲಸ ಮಾಡುವವರಿದ್ದಾರೆಯೇ, ಊಟದ ಹೊತ್ತಿನಲ್ಲಿ ಅದರ ಮಾತು ಬರುತ್ತದೆಯೇ.

ಮನೆಯಲ್ಲಿ ಅದು ಇಲ್ಲದ ಮಗುವಿಗೆ ಶಾಲೆ ಬಿಟ್ಟರೆ ಬೇರೆ ಗತಿಯಿಲ್ಲ. ಅಲ್ಲಿಯೂ ಹತ್ತನೇ ತರಗತಿಯ ನಂತರದ ಡಿಪ್ಲೊಮಾ ದಾರಿಯ ಬಗ್ಗೆ ಮಾತೇ ಬರುವುದಿಲ್ಲ. ಬಂದರೂ ‘ಪಿಯುಸಿ ಆಗದವರಿಗೆ’ ಎಂಬ ಧ್ವನಿಯಲ್ಲಿ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, ಬೆಂಗಳೂರಿನಲ್ಲಿ ಶುರುವಾಗಿ ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ಅಲ್ಲಿ ಟೂಲ್ ಆ್ಯಂಡ್ ಡೈ ಮೇಕಿಂಗ್ ಕಲಿತು, ಕೊನೆಯ ವರ್ಷ ಕಾರ್ಖಾನೆಯಲ್ಲೇ ಕಳೆದು ಬಂದ ಹುಡುಗರನ್ನು ಉದ್ಯಮಗಳು ಹುಡುಕಿಕೊಂಡು ಬರುತ್ತವೆ. ಮೈಕ್ರಾನ್ ಲೆಕ್ಕದಲ್ಲಿ ಉಕ್ಕನ್ನು ಕೊರೆಯುವ ಆ ಕೈಗಳಿಗೆ ಸಲ್ಲಬೇಕಾದ ಮರ್ಯಾದೆ ನಮ್ಮ ಸಮಾಜದಲ್ಲಿ ಇನ್ನೂ ಸಂದಿಲ್ಲ. ಪಾಲಿಟೆಕ್ನಿಕ್ ಮುಗಿಸಿದವರು ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಬರಬಹುದು. ಹಾಗೆ ಬಂದವರು ಮೊದಲ ವರ್ಷ ತಪ್ಪಿಹೋದ ಗಣಿತವನ್ನು ಹೆಚ್ಚುವರಿ ಪತ್ರಿಕೆಯಾಗಿ ಪಾಸು ಮಾಡಿಕೊಳ್ಳಬೇಕೆಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ನಿಯಮ ಮಾಡಿತು. ಲೇಥ್ ಮುಂದೆ ನಿಂತರೆ ಸಹಪಾಠಿಗಳಿಗೆಲ್ಲ ಗುರುವಾಗುವ ಹುಡುಗ ಆ ಪತ್ರಿಕೆಯಲ್ಲಿ ಸಿಕ್ಕಿಬೀಳುತ್ತಾನೆ. ಅವನಿಗೆ ಸಂಜೆ ಒಂದು ಗಂಟೆ ಕೂತು ಇಂಟಿಗ್ರೇಷನ್ ಹೇಳಿಕೊಡುವ ಅಧ್ಯಾಪಕ ಇರುವ ಕಾಲೇಜಿನಲ್ಲಿ ಅವನು ಉಳಿಯುತ್ತಾನೆ. ಇಲ್ಲದ ಕಡೆ ಬ್ಯಾಕ್‌ಲಾಗ್ ಹೊತ್ತುಕೊಂಡು ಸೋಲುತ್ತಾನೆ.

ಕಾಣದ ಕೆಲಸವನ್ನು ಮಕ್ಕಳಿಗೆ ಕಾಣಿಸುವ ಜಾಗಗಳು ಹತ್ತಿರದಲ್ಲೇ ಇವೆ. ಹಾಸನ, ಹಾವೇರಿ, ಕಾರವಾರ, ರಾಯಚೂರು, ಚಾಮರಾಜನಗರ, ಹೂವಿನಹಡಗಲಿ, ಕುಶಾಲನಗರ, ಕೆ.ಆರ್. ಪೇಟೆ ಮುಂತಾದ ಕಡೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಪ್ರತಿಯೊಂದರ ಸುತ್ತ ಬಸ್ಸಿನ ಒಂದು ಗಂಟೆಯ ಹಾದಿಯಲ್ಲಿ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಿವೆ. ಸಿವಿಲ್ ಲ್ಯಾಬಿನಲ್ಲಿ ಕಾಂಕ್ರೀಟ್ ಘನವನ್ನು ಯಂತ್ರಕ್ಕಿಟ್ಟು ಒಡೆಯುವುದನ್ನು ಎಂಟನೇ ತರಗತಿಯ ಮಕ್ಕಳಿಗೆ ತೋರಿಸಿ, ಎಷ್ಟು ಟನ್ನಿಗೆ ಒಡೆಯುತ್ತದೆ ಎಂದು ಮೊದಲು ಊಹಿಸಲು ಹೇಳಿ. ಮೂರನೇ ವರ್ಷದ ವಿದ್ಯಾರ್ಥಿನಿಯರಿಂದಲೇ ಅದನ್ನು ಕನ್ನಡದಲ್ಲಿ ವಿವರಿಸಲು ಹೇಳಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ತಾಂತ್ರಿಕ ಶಿಕ್ಷಣ ಇಲಾಖೆ ಮತ್ತು ಶಾಲಾ ಶಿಕ್ಷಣ ಇಲಾಖೆಗಳ ಒಂದು ಜಂಟಿ ಸುತ್ತೋಲೆ, ಶಾಲೆಗೊಂದು ದಿನದ ಬಸ್ ಖರ್ಚು ಸಾಕು. ಮುಂದಿನ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು.